ತೊಗರಿಯ ಚೀಲದಲ್ಲಿ ಮನೆ ಸೇರುವ ಹುಳು

ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ ವಿಜಯಪುರದ ಮನೆಗಳಲ್ಲಿ ಒಂದು ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ: ಹೊರಗೆ ಥಂಡಿ ಹೆಚ್ಚಾಯಿತು, ಹುಳುಗಳೆಲ್ಲ ಒಳಗೆ ಬಂದವು. ಈ ಮಾತು ಅರ್ಧ ನಿಜ. ಈ ಕಾಲದಲ್ಲಿ ನಮ್ಮ ಮನೆಗಳಿಗೆ ಹೆಚ್ಚು ಹಾನಿ ಮಾಡುವ ಹುಳುವನ್ನು ನಾವೇ ಹೊಲದಿಂದ ಹೊತ್ತು ತಂದಿರುತ್ತೇವೆ.

ಮೈಯ ಶಾಖವನ್ನು ಒಂದೇ ಮಟ್ಟದಲ್ಲಿ ಕಾಯ್ದುಕೊಳ್ಳುವ ಶಕ್ತಿ ಬಹುತೇಕ ಕೀಟಗಳಿಗೆ ಇಲ್ಲ. ಸುತ್ತಲಿನ ಗಾಳಿ ತಣ್ಣಗಾದಂತೆ ಅವುಗಳ ಓಡಾಟ, ಆಹಾರ, ಸಂತಾನ ಎಲ್ಲವೂ ನಿಧಾನವಾಗುತ್ತವೆ. ಹಿಮ ಬೀಳುವ ದೇಶಗಳಲ್ಲಿ ಇದು ಅಳಿವು ಉಳಿವಿನ ಪ್ರಶ್ನೆ. ಸಸ್ಯಹೇನುಗಳನ್ನು ತಿನ್ನಲೆಂದು ಏಷ್ಯಾದಿಂದ ಅಮೆರಿಕಕ್ಕೆ ಒಯ್ದು ಬಿಟ್ಟ ಒಂದು ಜಾತಿಯ ಗುಲಗಂಜಿ ಹುಳುಗಳು ಅಲ್ಲಿ ಅಕ್ಟೋಬರ್ ಹೊತ್ತಿಗೆ ಬಿಸಿಲು ಬೀಳುವ ಗೋಡೆಗಳಿಗೆ ಮುತ್ತಿ, ಕಿಟಕಿಯ ಸಂದಿಗಳಿಂದ ಒಳಸೇರಿ, ವಸಂತದವರೆಗೆ ಗುಂಪಾಗಿ ಸುಪ್ತಾವಸ್ಥೆಯಲ್ಲಿ ಉಳಿಯುತ್ತವೆ. ಅವು ಅಲ್ಲಿ ಮರಿ ಮಾಡುವುದಿಲ್ಲ, ಅಡುಗೆಮನೆಯ ಕಾಳುಕಡಿಗೂ ಬಾಯಿ ಹಾಕುವುದಿಲ್ಲ.

ನಮ್ಮ ಚಳಿ ಅಂಥದ್ದಲ್ಲ. ರಾತ್ರಿ ಎಷ್ಟೇ ಕೊರೆದರೂ ಮಧ್ಯಾಹ್ನಕ್ಕೆ ಬಿಸಿಲು ಚುರುಗುಟ್ಟುತ್ತದೆ. ಹೀಗಾಗಿ ಇಲ್ಲಿನ ಜಿರಳೆ ಮಾಡುವುದು ಬೆಚ್ಚಗಿನ ಮೂಲೆಗೆ ಜಾಗ ಬದಲಿಸುವ ಕೆಲಸವನ್ನು ಮಾತ್ರ: ಫ್ರಿಜ್ಜಿನ ಹಿಂಬದಿಗೆ, ಒಲೆಕಟ್ಟೆಯ ಕೆಳಗಿನ ಬಿರುಕಿಗೆ. ಅಡುಗೆಮನೆಯ ಸಣ್ಣ ಕಂದು ಜಿರಳೆಯ ಹೆಣ್ಣು ಮೂವತ್ತು ನಲವತ್ತು ತತ್ತಿಗಳಿರುವ ಕೋಶವನ್ನು, ಮರಿಗಳು ಹೊರಬರುವ ಹೊತ್ತಿನವರೆಗೂ, ಮೈಗೆ ಅಂಟಿಸಿಕೊಂಡೇ ತಿರುಗುತ್ತದೆ. ಮನೆತುಂಬ ಔಷಧಿ ಹೊಡೆಯುವುದಕ್ಕಿಂತ ಆ ಒಂದೆರಡು ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ನನಗೆ ನಿಜವಾಗಿ ಚಿಂತೆಯಾಗುವುದು ತೊಗರಿಯ ಹುಳುವಿನದು. ನಮ್ಮ ಜಿಲ್ಲೆಯಲ್ಲಿ ತೊಗರಿಯ ರಾಶಿ ನಡೆಯುವುದು ಡಿಸೆಂಬರ್, ಜನವರಿಯಲ್ಲಿ. ಕಾಯಿ ಒಣಗುತ್ತಿರುವಾಗಲೇ, ಹೊಲದಲ್ಲಿಯೇ, ಕಾಳು ಕೊರೆಯುವ ಹೆಣ್ಣು ನುಸಿ ಅದರ ಮೇಲೆ ತತ್ತಿಯನ್ನು ಅಂಟಿಸಿರುತ್ತದೆ. ತತ್ತಿಯಿಂದ ಹೊರಟ ಮರಿ ಕಾಳಿನೊಳಕ್ಕೆ ಕೊರೆದುಕೊಂಡು ಹೋಗಿ, ತಿನ್ನುತ್ತ ಅಲ್ಲಿಯೇ ಬೆಳೆದು, ದುಂಡನೆಯ ತೂತು ಮಾಡಿಕೊಂಡು ಹೊರಬರುತ್ತದೆ. ರೆಕ್ಕೆ ಬಂದ ಮೇಲೆ ಅದಕ್ಕೆ ಊಟವೇ ಬೇಕಿಲ್ಲ. ಸಂಗ್ರಹಿಸಿದ ಕಾಳಿನ ಮೇಲೆ ಮತ್ತೆ ತತ್ತಿಯಿಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ಬೆಚ್ಚಗಿನ ಹವೆಯಲ್ಲಿ ಒಂದು ತಿಂಗಳ ಆಸುಪಾಸಿನಲ್ಲಿ ಮುಗಿಯುವ ಈ ಬೆಳವಣಿಗೆ ಚಳಿಯಲ್ಲಿ ನಿಧಾನವಾಗುವುದರಿಂದ, ಸಂಕ್ರಾಂತಿಯಲ್ಲಿ ಹಸನಾಗಿ ಕಂಡ ಚೀಲ ಹೋಳಿ ಹುಣ್ಣಿಮೆಯ ಹೊತ್ತಿಗೆ ಹಿಟ್ಟು ಉದುರಿಸತೊಡಗುತ್ತದೆ. ಆಗ ಎಲ್ಲರೂ ಬೇಸಿಗೆಯನ್ನು ಬೈಯುತ್ತಾರೆ, ಆದರೆ ಹುಳು ಚಳಿಗಾಲದಲ್ಲಿಯೇ ಮನೆಯೊಳಗೆ ಬಂದಿರುತ್ತದೆ.

ನಮ್ಮ ಹಿರಿಯರಿಗೆ ಇದರ ಉಪಾಯ ಗೊತ್ತಿತ್ತು. ಅವ್ವ ಹೊಸ ತೊಗರಿಯನ್ನು ಮಾಳಿಗೆಯ ಮೇಲೆ ತೆಳ್ಳಗೆ ಹರವಿ ಬಿಸಿಲಿಗೆ ಚೆನ್ನಾಗಿ ಕಾಯಿಸದೆ ಒಳಗೆ ತರಲು ಬಿಡುತ್ತಿರಲಿಲ್ಲ. ವರ್ಷಕ್ಕೆ ಬೇಕಾದಷ್ಟನ್ನು ಬೇಗನೆ ಬೀಸಿ ಬೇಳೆ ಮಾಡಿಸುತ್ತಿದ್ದಳು, ಏಕೆಂದರೆ ಈ ನುಸಿಗೆ ಇಡೀ ಕಾಳಿನಲ್ಲಿ ಬೆಳೆದಷ್ಟು ಸುಲಭವಾಗಿ ಒಡೆದ ಬೇಳೆಯಲ್ಲಿ ಬೆಳೆಯಲು ಆಗುವುದಿಲ್ಲ. ಬೀಜಕ್ಕೆಂದು ತೆಗೆದಿಟ್ಟ ಕಾಳಿಗೆ ಸ್ವಲ್ಪ ಹರಳೆಣ್ಣೆ ಸವರುವುದೂ ಇತ್ತು. ಎಣ್ಣೆಯ ಪದರದಿಂದ ತತ್ತಿ ಸರಿಯಾಗಿ ಅಂಟುವುದಿಲ್ಲ, ಅಂಟಿದರೂ ಉಸಿರುಗಟ್ಟುತ್ತದೆ. ಜೋಳ ತುಂಬುತ್ತಿದ್ದ ಹಗೇವಿನ ಗುಟ್ಟೂ ಉಸಿರಿನದೇ: ಬಾಯಿ ಭದ್ರವಾಗಿ ಮುಚ್ಚಿದ ನೆಲದೊಳಗಿನ ಆ ಕುಣಿಯಲ್ಲಿ ಆಮ್ಲಜನಕ ಕಡಿಮೆಯಾಗಿ ಹುಳುಗಳು ಸಾಯುತ್ತಿದ್ದವು. ಅದೇ ಕಾರಣಕ್ಕೆ ಹಗೇವು ತೆರೆದ ಕೂಡಲೇ ಒಳಗೆ ಇಳಿಯುವುದು ಮನುಷ್ಯರಿಗೂ ಪ್ರಾಣಾಪಾಯ.

ಈಗ ಹಗೇವುಗಳು ಅಪರೂಪ, ಆದರೆ ಬಿಗಿಯಾದ ಮುಚ್ಚಳದ ಡಬ್ಬಿಯನ್ನು ಕಂಠಮಟ್ಟ ತುಂಬಿಟ್ಟರೆ ಹೆಚ್ಚುಕಡಿಮೆ ಅದೇ ಕೆಲಸವಾಗುತ್ತದೆ. ತುಂಬುವ ಮೊದಲು ಒಂದು ಹಿಡಿ ಕಾಳನ್ನು ಮೊರದಲ್ಲಿ ಹಾಕಿ ಬೆಳಕಿಗೆ ಹಿಡಿದು ನೋಡಬೇಕು. ಸಿಪ್ಪೆಯ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳು ಅಂಟಿಕೊಂಡಿದ್ದರೆ ಅವು ತತ್ತಿಗಳೇ; ಆ ಚೀಲವನ್ನು ಹಳೆಯ ಕಾಳುಗಳಿಂದ ದೂರವಿಟ್ಟು, ಮತ್ತೆ ಬಿಸಿಲಿಗೆ ಹಾಕಿ, ಮೊದಲು ಅದನ್ನೇ ಬೇಳೆ ಮಾಡಿಸಿಬಿಡಬೇಕು.