‘ಹೋಗಿ ಬರಲು’ ಎಂದು ಬರೆಯಬೇಕಿತ್ತು

2020ರ ಮಾರ್ಚ್ ಕೊನೆಯ ವಾರ. ರಾತ್ರಿ ಹತ್ತು ದಾಟಿತ್ತು, ನಾನಿನ್ನೂ ಕಚೇರಿಯಲ್ಲೇ ಇದ್ದೆ. ಅಮೆರಿಕದಲ್ಲಿರುವ ದೊಡ್ಡಪ್ಪನ ಮಗಳು ಫೋನ್ ಮಾಡಿದಳು. "ನಿಮ್ಮ ಮೇಯರ್ ಎಮರ್ಜೆನ್ಸಿ ಘೋಷಣೆ ಮಾಡಿದ್ರಾ?" ಎಂದು ಕೇಳಿದಳು. ಅವಳಿರುವುದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಅಲ್ಲಿಯ ಮೇಯರ್ ಲಂಡನ್ ಬ್ರೀಡ್ ಫೆಬ್ರವರಿ 25ರಂದೇ ಸ್ಥಳೀಯ ತುರ್ತುಪರಿಸ್ಥಿತಿ ಘೋಷಿಸಿದ್ದರು. ಆಗ ಆ ನಗರದವರಲ್ಲಿ ಒಬ್ಬರಿಗೂ ಕೋವಿಡ್ ಸೋಂಕು ದೃಢಪಟ್ಟಿರಲಿಲ್ಲ. ಮೊದಲೇ ಘೋಷಿಸಿದರೆ ಹಣ, ಜನ, ಜಾಗ ಎಲ್ಲವನ್ನೂ ಬೇಗ ಹೊಂದಿಸಬಹುದು ಎಂಬುದು ಅದರ ಲೆಕ್ಕ.

ನಮ್ಮಲ್ಲಿ ಹಾಗಿಲ್ಲ ಎಂದೆ. ಆಗ ಮಂಗಳೂರಿನಲ್ಲೂ ಮೇಯರ್ ಇದ್ದರು, ಅರವತ್ತು ವಾರ್ಡುಗಳ ಪಾಲಿಕೆ ಇತ್ತು. ಆದರೆ ಇಂಥ ಹೊತ್ತಿನಲ್ಲಿ ಬೀಗದ ಕೈ ಇರುವುದು ಜಿಲ್ಲಾಧಿಕಾರಿ ಹತ್ತಿರ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಅವರೇ ಅಧ್ಯಕ್ಷರು. 34ನೇ ಕಲಂನಲ್ಲಿ ಜನ, ವಾಹನ ಓಡಾಟ ತಡೆಯಬಹುದು. 65ರಲ್ಲಿ ಕಟ್ಟಡ, ವಾಹನ ವಶಕ್ಕೆ ಪಡೆಯಬಹುದು. 50ರಲ್ಲಿ ಟೆಂಡರ್ ಇಲ್ಲದೆ ಖರೀದಿ ಮಾಡಿಸಬಹುದು. ಆದೇಶ ಮೀರಿದರೆ 51ನೇ ಕಲಂನಲ್ಲಿ ಒಂದು ವರ್ಷದವರೆಗೂ ಜೈಲು. ಜೊತೆಗೆ ಆಗ ಜಾರಿಯಲ್ಲಿದ್ದ ಬ್ರಿಟಿಷರ ಕಾಲದ 1897ರ ಸಾಂಕ್ರಾಮಿಕ ರೋಗ ಕಾಯ್ದೆ, ಮತ್ತೆ ಜನ ಗುಂಪು ಸೇರದಂತೆ ತಡೆಯಲು ಹಾಕುತ್ತಿದ್ದ, ಎಲ್ಲರಿಗೂ ಗೊತ್ತಿದ್ದ 144ನೇ ಸೆಕ್ಷನ್. ‘ಎಮರ್ಜೆನ್ಸಿ’ ಎಂಬ ಪದ ಎಲ್ಲೂ ಬರಲಿಲ್ಲ, ಅಷ್ಟೆ.

ನಾನು ಸರಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿ. ಆ ದಿನಗಳಲ್ಲಿ ನನ್ನನ್ನು ಎರಡು ಕೆಲಸಕ್ಕೆ ಹಾಕಿದ್ದರು. ಒಂದು, ಸಹಾಯವಾಣಿಯ ಫೋನ್ ತೆಗೆಯುವುದು. ಇನ್ನೊಂದು, ಮೇಲಿನಿಂದ ಬಂದ ಆದೇಶವನ್ನು ಆಟೋ ಮೈಕಿನಲ್ಲಿ ಕೂಗಲು, ಓಡಾಟಕ್ಕೆ ಕೊಡುವ ಪಾಸಿನಲ್ಲಿ ಟೈಪ್ ಮಾಡಲು ಬೇಕಾದ ಹಾಗೆ ಬರೆಯುವುದು. ಹದಿನಾಲ್ಕು ವರ್ಷ ಪತ್ರ ಬರೆದವಳು ನಾನು. ಇದೇನು ದೊಡ್ಡ ಕೆಲಸ ಅಂದುಕೊಂಡಿದ್ದೆ.

ಮಾರ್ಚ್ 22, ಜನತಾ ಕರ್ಫ್ಯೂ. ಅದೇ ದಿನ ಜಿಲ್ಲೆಯ ಮೊದಲ ಪ್ರಕರಣ ದೃಢಪಟ್ಟಿತು, ದುಬೈಯಿಂದ ಬಂದಿಳಿದ ಭಟ್ಕಳದ ಯುವಕ. 24ರ ಮಧ್ಯರಾತ್ರಿಯಿಂದ ದೇಶವೇ ಲಾಕ್‌ಡೌನ್. ಮರುದಿನ ಉಡುಪಿಯಲ್ಲೂ ಮೊದಲ ಪ್ರಕರಣ. ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆಯನ್ನು ಕೋವಿಡ್‌ಗೆ ಮೀಸಲಿಟ್ಟರು. ಆಮೇಲೆ ಮಾರ್ಚ್ 28ರಿಂದ ಮೂರು ದಿನ ದಕ್ಷಿಣ ಕನ್ನಡ ಪೂರ್ತಿ ಬಂದ್, ದಿನಸಿ ಅಂಗಡಿಯೂ ಇಲ್ಲ.

ನಾನು ಬರೆದ ಮೊದಲ ಮೈಕ್ ಪ್ರಕಟಣೆ ಇನ್ನೂ ನೆನಪಿದೆ. "ಸಾರ್ವಜನಿಕರು ಅನಾವಶ್ಯಕವಾಗಿ ಸಂಚರಿಸುವುದನ್ನು ಮುಂದಿನ ಆದೇಶದವರೆಗೆ ಕಟ್ಟುನಿಟ್ಟಾಗಿ ನಿರ್ಬಂಧಿಸಲಾಗಿದೆ." ವ್ಯಾಕರಣದಲ್ಲಿ ತಪ್ಪಿಲ್ಲ. ಆಟೋ ಹೊರಟಿತು. ಅರ್ಧ ಗಂಟೆಯೊಳಗೆ ಫೋನ್ ಬಿಡುವಿಲ್ಲದೆ ಬಡಿದುಕೊಳ್ಳಲು ಶುರುವಾಯಿತು. ಎಲ್ಲರದ್ದೂ ಒಂದೇ ಪ್ರಶ್ನೆ. "ಹಾಲು ಸಿಗ್ತದಾ?" "ಮೆಡಿಕಲ್ ಉಂಟಾ?" "ನಾಳೆ ಗ್ಯಾಸ್ ಬರ್ತದಾ ಮೇಡಂ?" ಏನು ಇಲ್ಲ ಎಂಬುದನ್ನು ಅಷ್ಟು ಗಟ್ಟಿಯಾಗಿ ಕೂಗಿದ್ದೆವು. ಏನು ಇದೆ ಎಂದು ಒಂದು ಮಾತೂ ಹೇಳಿರಲಿಲ್ಲ.

ಅದಕ್ಕಿಂತ ಜಾಸ್ತಿ ಹೆದರಿಸಿದ್ದು ‘ಮುಂದಿನ ಆದೇಶದವರೆಗೆ’ ಎಂಬ ಮಾತು. ಕಚೇರಿಯಲ್ಲಿ ನಾವು ಅದನ್ನು ದಿನಕ್ಕೆ ಹತ್ತು ಸಲ ಬರೆಯುತ್ತೇವೆ. ಬಂದರಿನ ಹತ್ತಿರದ ಒಂಟಿ ಕೋಣೆಯಲ್ಲಿ ಐದು ಜನರ ಜೊತೆ ಇರುವ ಒಡಿಶಾದ ಬೋಟ್ ಕೆಲಸಗಾರನಿಗೆ ಅದರ ಅರ್ಥ ಬೇರೆ. ಅಕ್ಕಿ ಎಷ್ಟು ದಿನಕ್ಕೆ ಹಾಕಿಡಬೇಕು ಅಂತ ಅವನಿಗೆ ಲೆಕ್ಕ ಸಿಗುವುದಿಲ್ಲ. ಲೆಕ್ಕ ಸಿಗದವನು ಸಿಕ್ಕಿದಷ್ಟೂ ಕೊಳ್ಳುತ್ತಾನೆ, ದುಡ್ಡಿಲ್ಲದವನು ಹೆದರಿ ಕೂರುತ್ತಾನೆ. ಮೂರು ದಿನದ ಬಂದ್ ಮುಗಿದ ಬೆಳಿಗ್ಗೆ ಅಂಗಡಿಗಳ ಮುಂದೆ ಜನ ಹೇಗೆ ನುಗ್ಗಿದರು ಎಂಬುದನ್ನು ಇಡೀ ಊರು ನೋಡಿದೆ. ಜನರಿಗೆ ಬುದ್ಧಿ ಇಲ್ಲ ಅಂತ ಆಗ ತುಂಬಾ ಮಂದಿ ಬೈದರು. ನನಗೆ ಹಾಗೆ ಅನಿಸಲಿಲ್ಲ. ಮತ್ತೆ ಯಾವಾಗ ತೆರೆಯುತ್ತದೆ ಅಂತ ಗೊತ್ತಿಲ್ಲದ ಮನುಷ್ಯ ಇನ್ನೇನು ಮಾಡಬೇಕು?

ಎರಡನೇ ಪ್ರಕಟಣೆಯನ್ನು ಜವಾನರಾಗಿದ್ದ ಹಿರಿಯರೊಬ್ಬರ ಜೊತೆ ಕೂತು ಬರೆದೆ. ನಾನು ಓದುವುದು, ಅವರು "ಇದು ನಮ್ಮ ಮನೆಯವಳಿಗೆ ಅರ್ಥ ಆಗ್ಲಿಕ್ಕಿಲ್ಲ" ಎನ್ನುವುದು. ಕೊನೆಗೆ ಉಳಿದದ್ದು ಹೀಗೆ: "ಹಾಲು ಸಿಗುತ್ತದೆ. ಮೆಡಿಕಲ್ ತೆರೆದಿರುತ್ತದೆ. ಆಸ್ಪತ್ರೆಗೆ ಹೋಗಬಹುದು. ಬೇರೆ ಕೆಲಸಕ್ಕೆ ಹೊರಗೆ ಬರಬೇಡಿ. ಸಂಶಯ ಇದ್ದರೆ ಈ ನಂಬರಿಗೆ ಫೋನ್ ಮಾಡಿ." ಅದನ್ನೇ ಅವರು ತುಳುವಿನಲ್ಲಿ ಹೇಳಿಕೊಟ್ಟರು. ಬ್ಯಾರಿ ಭಾಷೆಗೂ ಕೊಂಕಣಿಗೂ ಪಕ್ಕದ ಟೇಬಲ್‌ಗಳಲ್ಲೇ ಜನ ಇದ್ದರು. ಮಂಗಳೂರಿನಲ್ಲಿ ಅದಕ್ಕೆ ಹುಡುಕಾಡಬೇಕಾಗಿಲ್ಲ. ಮೊದಲೇ ಕೇಳಬೇಕಿತ್ತು.

ಇನ್ನೊಂದು ಫೋನ್ ಬಗ್ಗೆ ಹೇಳಬೇಕು. ಇದನ್ನು ಬರೆಯಲು ಕೂತದ್ದೇ ಅದಕ್ಕೆ.

ಉಳ್ಳಾಲ ಕಡೆಯ ಒಬ್ಬ ಹೆಂಗಸು. ಗಂಡನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಸೋಮವಾರ, ಬುಧವಾರ, ಶುಕ್ರವಾರ. ಆಸ್ಪತ್ರೆ ಇರುವುದು ಮಂಗಳೂರಿನಲ್ಲಿ, ನೇತ್ರಾವತಿ ಸೇತುವೆ ದಾಟಿ ಬರಬೇಕು. ನಾನು ಬರೆದ ಒಕ್ಕಣೆಯಲ್ಲಿ ‘ತುರ್ತು ವೈದ್ಯಕೀಯ ಸೇವೆ ಹೊರತುಪಡಿಸಿ’ ಎಂದಿತ್ತು. ಅವರನ್ನು ನಿಲ್ಲಿಸಿದ ಪೊಲೀಸ್ ಹುಡುಗ ರಿಕ್ಷಾದೊಳಗೆ ನೋಡಿದ್ದಾನೆ. ಗಂಡ ನೆಟ್ಟಗೆ ಕೂತಿದ್ದಾರೆ, ರಕ್ತ ಇಲ್ಲ, ನರಳಾಟ ಇಲ್ಲ. "ಇದು ತುರ್ತಾ?" ಎಂದು ಕೇಳಿದ್ದಾನೆ. ಅವನದ್ದೇನು ತಪ್ಪು? ಕಾಗದದಲ್ಲಿದ್ದ ಪದ ಹಿಡಿದು ಅವನು ಕೇಳಿದ್ದು. ಡಯಾಲಿಸಿಸ್ ದಿನ ನೋಡಿಕೊಂಡು ಮಾಡಿಸುವ ಚಿಕಿತ್ಸೆ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟ ಚಿಕಿತ್ಸೆ. ಎರಡು ಸಲ ತಪ್ಪಿದರೆ ಮೈಯೆಲ್ಲ ನೀರು ತುಂಬಿ ಉಸಿರು ಕಟ್ಟಬಹುದು. ಆಗ ಅದು ‘ತುರ್ತು’ ಆಗುತ್ತದೆ. ಕೀಮೋದವರು, ಇನ್ಸುಲಿನ್ ಮುಗಿದವರು, ದಿನ ತುಂಬಿದ ಬಸುರಿಯರು, ಇವರ್‍ಯಾರೂ ನನ್ನ ಆ ಪದದೊಳಗೆ ಸರಿಯಾಗಿ ಕೂರುತ್ತಿರಲಿಲ್ಲ.

ನಾನೇ ಪಾಸ್ ಟೈಪ್ ಮಾಡಿ, ಸಹಿ ಹಾಕಿಸಿ, ಫೋಟೋ ತೆಗೆದು ಅವರ ವಾಟ್ಸ್‌ಆಪ್‌ಗೆ ಕಳಿಸಿದೆ. "ಡಯಾಲಿಸಿಸ್ ಚಿಕಿತ್ಸೆಗಾಗಿ ಮಂಗಳೂರಿಗೆ ಹೋಗಲು ಅನುಮತಿ ನೀಡಲಾಗಿದೆ, ಬೆಳಿಗ್ಗೆ 7ರಿಂದ 10." ಸಮಾಧಾನದಿಂದ ಆ ದಿನ ಸರಿಯಾಗಿ ಊಟ ಮಾಡಿದೆ.

ಆಗಲೇ ಕೇರಳ ಗಡಿಯ ತಲಪಾಡಿಯ ವಿಷಯವೂ ದೊಡ್ಡದಾಗಿತ್ತು. ಕೇರಳಕ್ಕೆ ಹೋಗುವ ರಸ್ತೆಗಳನ್ನು ಮುಚ್ಚಿದ್ದರು, ಒಳದಾರಿಗಳಲ್ಲಿ ಮಣ್ಣು ಸುರಿದಿದ್ದರು. ಗಡಿಯಾಚೆ ಕೇರಳದಲ್ಲಿರುವ ಮಂಜೇಶ್ವರ, ಹೊಸಂಗಡಿಯವರಿಗೆ ದೊಡ್ಡಾಸ್ಪತ್ರೆ ಅಂದರೆ ಮಂಗಳೂರೇ. ಆ ಕಡೆಯಿಂದಲೂ ಫೋನ್ ಬರುತ್ತಿತ್ತು, ನಮ್ಮದೇ ತುಳುವಿನಲ್ಲಿ, ನಮ್ಮದೇ ಕನ್ನಡದಲ್ಲಿ. ನನ್ನ ಹತ್ತಿರ ಉತ್ತರ ಇರಲಿಲ್ಲ. ತಡೆ ತೆಗೆಸಬೇಕೆಂದು ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಕೇಂದ್ರಕ್ಕೆ ಹೇಳಿತು, ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಅಷ್ಟರಲ್ಲಿ ಗಡಿಯ ಆಚೆ ಚಿಕಿತ್ಸೆ ಸಿಗದೆ ಜನ ಸತ್ತರು. ಆ ದನಿಗಳು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಸೋಂಕು ತಡೆಯಲು ಗಡಿ ಮುಚ್ಚಬೇಕಾಗಿ ಬರಬಹುದು. ಆದರೆ ಆಂಬುಲೆನ್ಸ್‌ಗೆ ಎಲ್ಲಿ ದಾರಿ ಎಂಬುದನ್ನು ಮಣ್ಣು ಸುರಿಯುವ ಮೊದಲೇ ಬರೆದಿಡಬೇಕು.

ಜುಲೈ 15ರ ರಾತ್ರಿಯಿಂದ ಜಿಲ್ಲೆಯಲ್ಲಿ ಮತ್ತೆ ಒಂದು ವಾರ ಲಾಕ್‌ಡೌನ್ ಆಯಿತು. ಈ ಸಲ ಶುರು ಯಾವಾಗ, ಎಷ್ಟು ದಿನ ಎಂಬುದು ಜನರಿಗೆ ಮೊದಲೇ ಗೊತ್ತಿತ್ತು. ಪ್ರಕಟಣೆಯಲ್ಲಿ ‘ಮುಂದಿನ ಆದೇಶ’ ಎಂದು ನಾನು ಬರೆಯಲಿಲ್ಲ, ಮುಗಿಯುವ ತಾರೀಕು ಬರೆದೆ. ಸಹಾಯವಾಣಿಯ ನೋಟ್‌ಬುಕ್ಕಿನಲ್ಲಿ ಡಯಾಲಿಸಿಸ್‌ನವರ ಪಟ್ಟಿ, ದಿನದ ಸಮೇತ ತಯಾರಿತ್ತು.

ಆ ಪಟ್ಟಿಯ ಮೊದಲ ಹೆಸರು ಉಳ್ಳಾಲದವರದ್ದು. ನಾನು ಕಳಿಸಿದ ಆ ಪಾಸ್ ಹಿಡಿದು ಹೋದ ದಿನ ಮಧ್ಯಾಹ್ನ ಎರಡೂವರೆಗೆ ಅವರ ಫೋನ್ ಮತ್ತೆ ಬಂದಿತ್ತು. ಬೆಳಿಗ್ಗೆ ಪೊಲೀಸರು ಪಾಸ್ ನೋಡಿ ತಕ್ಷಣ ಬಿಟ್ಟಿದ್ದರಂತೆ. ಡಯಾಲಿಸಿಸ್‌ಗೇ ನಾಲ್ಕು ಗಂಟೆ ಬೇಕು. ಮುಗಿಸಿ ವಾಪಸ್ ಬರುವಾಗ ಪಾಸಿನ ಹೊತ್ತು ಮುಗಿದಿತ್ತು. ಅದರಲ್ಲಿ ಬರುವ ಮಾತೇ ಇರಲಿಲ್ಲ. ಸೇತುವೆಯ ಈಚೆ ಬಿಸಿಲಲ್ಲಿ ನಿಂತಿದ್ದಾರೆ, ಗಂಡನಿಗೆ ತಲೆ ಎತ್ತಲು ಆಗುತ್ತಿಲ್ಲ.

"ಮೇಡಂ, ಇದರಲ್ಲಿ ಹೋಗ್ಲಿಕ್ಕೆ ಮಾತ್ರ ಉಂಟಲ್ವಾ" ಎಂದರು ಆಕೆ.

ನಮ್ಮ ಕಡೆ ಮನೆಯಿಂದ ಹೊರಡುವಾಗ ಯಾರೂ ‘ಹೋಗುತ್ತೇನೆ’ ಎನ್ನುವುದಿಲ್ಲ. ‘ಹೋಗಿ ಬರ್ತೇನೆ’ ಎನ್ನುತ್ತೇವೆ. ತುಳುವಿನಲ್ಲೂ ‘ಪೋದು ಬರ್ಪೆ’. ಬರಿ ಹೋಗುತ್ತೇನೆ ಎಂದರೆ ಅಮ್ಮ ಬಾಗಿಲಲ್ಲೇ ನಿಲ್ಲಿಸಿ ಸರಿಮಾಡಿಸುತ್ತಿದ್ದಳು. ಅಂಥ ಮನೆಯಲ್ಲಿ ಬೆಳೆದ ನಾನು ಕಾಯಿಲೆಯವರ ಪಾಸಿನಲ್ಲಿ ‘ಹೋಗಲು’ ಎಂದಷ್ಟೇ ಬರೆದಿದ್ದೆ. ಚೆಕ್‌ಪೋಸ್ಟಿನವರ ಜೊತೆ ಫೋನಿನಲ್ಲೇ ಮಾತಾಡಿದೆ, ಅವರನ್ನು ಬಿಟ್ಟರು. ಆಮೇಲೆ ಕಂಪ್ಯೂಟರಿನಲ್ಲಿದ್ದ ಪಾಸಿನ ಮಾದರಿ ತೆರೆದು ‘ಹೋಗಿ ಬರಲು’ ಎಂದು ತಿದ್ದಿದೆ. ಗಂಟೆ ತೆಗೆದು ‘ಇಡೀ ದಿನ’ ಎಂದು ಹಾಕಿದೆ. ಕೆಳಗೆ ‘ಸೋಮವಾರ, ಬುಧವಾರ, ಶುಕ್ರವಾರ’ ಸೇರಿಸಿದೆ.

ಮುಂದಿನ ಶುಕ್ರವಾರ ಮೂರು ಗಂಟೆಗೆ ಆಕೆ ಮತ್ತೆ ಫೋನ್ ಮಾಡಿದರು. ಎದೆ ಧಸಕ್ಕೆಂದಿತು. "ಏನಿಲ್ಲ ಮೇಡಂ" ಎಂದರು. "ಮನೆಗೆ ಮುಟ್ಟಿದೆವು. ಹೇಳುವ ಅಂತ ಸುಮ್ನೆ ಮಾಡಿದ್ದು."