ಎರಡನೇ ವಿಷಯ: ಎಲ್ಲರೂ ನ್ಯೂಟ್ರಿಷನ್ ಅಂದರು, ನಾನು ಸ್ಟಾಟಿಸ್ಟಿಕ್ಸ್ ತಗೊಂಡೆ

ಹೆಲ್ತ್ ಪ್ರಮೋಷನ್ ಓದುತ್ತಿದ್ದೀನಿ ಅಂದರೆ ಸಾಮಾನ್ಯವಾಗಿ ಬರುವ ಪ್ರಶ್ನೆ, "ಅಂದ್ರೆ ನರ್ಸಿಂಗಾ?" ಅನ್ನೋದು. ನರ್ಸಿಂಗ್ ಅಲ್ಲ. ಕಾಯಿಲೆ ಬಂದವರನ್ನು ನೋಡಿಕೊಳ್ಳೋದಕ್ಕೆ ಬೇರೆಯವರಿದ್ದಾರೆ. ಜನ ಕಾಯಿಲೆ ಬೀಳದೆ ಬದುಕೋದಕ್ಕೆ ಏನೇನು ಬೇಕೋ ಅದು ನಮ್ಮ ಪಾಲಿನ ಕೆಲಸ. ಈ ವರ್ಷ ಇದರ ಜೊತೆಗೆ ಎರಡನೇ ವಿಷಯ ಆರಿಸಿಕೊಳ್ಳಬೇಕಿತ್ತು. ಪಟ್ಟಿಯಲ್ಲಿ ನ್ಯೂಟ್ರಿಷನ್, ಸೈಕಾಲಜಿ, ಸಮಾಜಶಾಸ್ತ್ರ, ಮಾಧ್ಯಮ, ಸಾರ್ವಜನಿಕ ನೀತಿ, ಕೊನೆಗೆ ಯಾರೂ ಮುಟ್ಟದ ಸ್ಟಾಟಿಸ್ಟಿಕ್ಸ್. ಅದನ್ನೇ ತಗೊಂಡೆ ಅಂದಾಗ ಅಣ್ಣ, "ನೀನಾ? ಲೆಕ್ಕಾನಾ?" ಅಂತ ನಗೋಕೆ ಶುರುಮಾಡಿದವನು ಇನ್ನೂ ನಿಲ್ಲಿಸಿಲ್ಲ.

ನ್ಯೂಟ್ರಿಷನ್ ತಗೋ ಅಂದವರೇ ಹೆಚ್ಚು. ವಿಷಯ ಒಳ್ಳೆಯದೇ. ಆದರೆ ಒಂದು ಮಾತನ್ನು ಯಾರೂ ಬಿಡಿಸಿ ಹೇಳಲ್ಲ. ಎರಡನೇ ವಿಷಯ ಅಂತ ನಾಲ್ಕಾರು ಪೇಪರ್ ಓದಿಬಿಟ್ಟರೆ ಡಯಟೀಷಿಯನ್ ಆಗಲ್ಲ. ಅದಕ್ಕೆ ಪ್ರತ್ಯೇಕ ಪದವಿ, ತರಬೇತಿ, ಬಹಳ ಕಡೆ ನೋಂದಣಿಯೂ ಬೇಕು. ಸೈಕಾಲಜಿ ಓದಿ ಕೌನ್ಸೆಲಿಂಗ್ ಮಾಡ್ತೀನಿ ಅನ್ನುವವರಿಗೂ ಇದೇ ಕಥೆ.

ಹಾಗಂತ ಸೈಕಾಲಜಿ ನನ್ನನ್ನು ಸುಲಭಕ್ಕೆ ಬಿಡಲಿಲ್ಲ. 1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯವರು ಕ್ಷಯ ಪತ್ತೆಹಚ್ಚೋಕೆ ಎಕ್ಸ್-ರೇ ಗಾಡಿಯನ್ನು ಜನರಿದ್ದ ಕಡೆಗೇ ಕಳಿಸುತ್ತಿದ್ದರು. ಪರೀಕ್ಷೆ ಪುಕ್ಕಟೆ. ಆದರೂ ಎಷ್ಟೋ ಜನ ಬರುತ್ತಿರಲಿಲ್ಲ. ಯಾಕೆ ಬರಲ್ಲ ಅಂತ ಹುಡುಕುತ್ತಾ ಹೋಗಿ ಹುಟ್ಟಿದ್ದು ಹೆಲ್ತ್ ಬಿಲೀಫ್ ಮಾಡೆಲ್: ಈ ರೋಗ ನನಗೂ ಬರಬಹುದು, ಬಂದರೆ ಕಷ್ಟ, ಪರೀಕ್ಷೆ ಮಾಡಿಸಿಕೊಂಡರೆ ಲಾಭ ಇದೆ ಅಂತ ಅನ್ನಿಸಿದವರು ಬರುತ್ತಾರೆ. ಓದುವಾಗ ಖುಷಿಯಾಗಿತ್ತು. ಆದರೆ ಹೆಲ್ತ್ ಪ್ರಮೋಷನ್ ಅಂದರೆ ಏನೇನು ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಸಮ್ಮೇಳನದಲ್ಲಿ ಹೊರಡಿಸಿದ ಘೋಷಣೆ, 1986ರ ಒಟ್ಟಾವಾ ಚಾರ್ಟರ್, ಹೇಳುವ ಐದು ಕೆಲಸಗಳಲ್ಲಿ ವ್ಯಕ್ತಿಯ ಕೌಶಲ ಬೆಳೆಸೋದು ಒಂದು ಮಾತ್ರ. ಆರೋಗ್ಯಕರ ನೀತಿ, ಅನುಕೂಲದ ಪರಿಸರ, ಸಮುದಾಯದ ಕ್ರಿಯೆ, ಆರೋಗ್ಯ ಸೇವೆಗಳ ದಿಕ್ಕು ಬದಲಿಸೋದು ಇವು ಉಳಿದ ನಾಲ್ಕು. ಈ ಐದರಲ್ಲಿ ಯಾವುದನ್ನು ಮಾಡಿದರೂ ಕೊನೆಗೆ ಒಂದು ಪ್ರಶ್ನೆ ಎದುರು ನಿಲ್ಲುತ್ತೆ: ಇದರಿಂದ ಏನಾದರೂ ಆಯ್ತಾ?

ಆ ಪ್ರಶ್ನೆ ನನ್ನ ತಲೆಗೆ ಹತ್ತಿದ್ದು ಫಿನ್‌ಲೆಂಡಿನ ನಾರ್ತ್ ಕರೇಲಿಯಾ ಯೋಜನೆಯಿಂದ. ನಮ್ಮ ಕ್ಷೇತ್ರದ ಅಚ್ಚುಮೆಚ್ಚಿನ ಉದಾಹರಣೆ ಅದು. ಅಲ್ಲಿನ ಗಂಡಸರು ಹೃದಯಾಘಾತದಿಂದ ವಿಪರೀತ ಸಾಯುತ್ತಿದ್ದರು. ಬೆಣ್ಣೆ, ಉಪ್ಪು, ಸಿಗರೇಟು. 1972ರಲ್ಲಿ ಯೋಜನೆ ಶುರುವಾಯಿತು. ಹಳ್ಳಿಯ ಹೆಂಗಸರ ಸಂಘಗಳು, ಡೇರಿಗಳು, ಅಂಗಡಿಗಳು ಎಲ್ಲವೂ ಸೇರಿಕೊಂಡವು. ಹಾಲಿನ ಕಸುಬಿನ ರೈತರು ಬೆರ್ರಿ ಹಣ್ಣು ಬೆಳೆಯುವ ಕಡೆಗೂ ಹೊರಳಿದರು. ದಶಕಗಳು ಕಳೆಯುವಷ್ಟರಲ್ಲಿ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದಯ ಕಾಯಿಲೆಯ ಸಾವು ಶೇಕಡಾ 80ಕ್ಕೂ ಹೆಚ್ಚು ಇಳಿಯಿತು. ಇಲ್ಲಿಗೆ ಕಥೆ ನಿಲ್ಲಿಸಿದರೆ ಚಪ್ಪಾಳೆ. ಆದರೆ ಹೋಲಿಕೆಗೆ ಅಂತ ಇಟ್ಟುಕೊಂಡಿದ್ದ ಪಕ್ಕದ ಕುಓಪಿಯೋ ಪ್ರಾಂತ್ಯದಲ್ಲೂ ಸಾವುಗಳು ಇಳಿದವು! ಸುದ್ದಿ ಅಲ್ಲಿಗೂ ಹರಡಿತೋ, ಇಡೀ ದೇಶವೇ ಬದಲಾಗುತ್ತಿತ್ತೋ, ಇಳಿಕೆಯಲ್ಲಿ ಯೋಜನೆಯ ಪಾಲೆಷ್ಟು ಅನ್ನುವ ಜಗಳ ಇವತ್ತಿಗೂ ಮುಗಿದಿಲ್ಲ. ಯೋಜನೆ ದಂಡ ಅಂತ ನಾನು ಹೇಳುತ್ತಿಲ್ಲ. ಆ ಜಗಳ ಅರ್ಥವಾಗುವಷ್ಟಾದರೂ ನನಗೆ ಗೊತ್ತಿರಬೇಕು ಅನ್ನಿಸಿತು, ಅಷ್ಟೇ.

ಆಯ್ಕೆಗೆ ಮುಂಚೆ ಸೀನಿಯರ್ ಒಬ್ಬಳು ಒಳ್ಳೆಯ ಮಾತು ಹೇಳಿದಳು: "ಪೇಪರಿನ ಹೆಸರು ನೋಡಬೇಡ ಕಣೇ, ಅಸೈನ್‌ಮೆಂಟ್ ನೋಡು." ಅವಳೇ ಸ್ಟಾಟಿಸ್ಟಿಕ್ಸಿನದೊಂದನ್ನು ತೋರಿಸಿದಳು. ಒಂದು ಶಿಬಿರದಲ್ಲಿ ಎಲ್ಲರ ಬಿಪಿ ನೋಡಿ, ಜಾಸ್ತಿ ಬಂದವರನ್ನಷ್ಟೇ ಆರಿಸಿ, ಉಪ್ಪು ಕಡಿಮೆ ಮಾಡಿ ಅಂತ ಪಾಠ ಹೇಳುತ್ತಾರೆ. ತಿಂಗಳು ಬಿಟ್ಟು ನೋಡಿದರೆ ಸರಾಸರಿ ಇಳಿದಿರುತ್ತೆ. ಪಾಠ ಫಲಿಸಿತೇ? ಗೊತ್ತಾಗಲ್ಲ. ಬಿಪಿ ಗಳಿಗೆಗೊಂದು ಥರ ಇರುತ್ತೆ. ಅವತ್ತು ಒಬ್ಬರು ಮೆಟ್ಟಿಲು ಹತ್ತಿ ಬಂದಿದ್ದರು, ಇನ್ನೊಬ್ಬರು ಗಾಬರಿಯಲ್ಲಿದ್ದರು. ಅವತ್ತು ಮೇಲಿದ್ದವರನ್ನೇ ಆರಿಸಿಕೊಂಡರೆ, ಏನೂ ಹೇಳದೆ ಮನೆಗೆ ಕಳಿಸಿದ್ದರೂ ಮುಂದಿನ ಸಲ ಒಟ್ಟು ಸರಾಸರಿ ಸ್ವಲ್ಪ ಇಳಿಯುತ್ತಿತ್ತು. ಪುಟದ ಕೆಳಗಿದ್ದ ಪ್ರಶ್ನೆ: ಈ ಶಿಬಿರವನ್ನು ನೀವಾಗಿದ್ದರೆ ಹೇಗೆ ನಡೆಸುತ್ತಿದ್ದಿರಿ? ಇದರಲ್ಲಿ ಸೂತ್ರ ಒಂದೂ ಇಲ್ಲ, ಆದರೂ ರಾತ್ರಿಯೆಲ್ಲ ತಲೆ ತಿಂದಿತು. ನ್ಯೂಟ್ರಿಷನ್ನಿನ ಅಸೈನ್‌ಮೆಂಟೂ ನೋಡಿದೆ, ಚೆನ್ನಾಗೇ ಇತ್ತು, ನಿದ್ದೆಯೂ ಚೆನ್ನಾಗೇ ಬಂತು.

ಆಯ್ಕೆ ಮಾಡಬೇಕಾದವರು ಇನ್ನೊಂದನ್ನು ನೋಡಿಕೊಳ್ಳಿ. ಯಾವ ಪೇಪರ್ ಮುಗಿಸಿದರೆ ಮುಂದಿನ ಯಾವ ಪೇಪರ್ ತಗೋಬಹುದು ಅನ್ನೋದು ಕ್ಯಾಟಲಾಗಿನ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಅಡಗಿರುತ್ತೆ. ಮೊದಲ ಪೇಪರ್ ಈ ಸೆಮಿಸ್ಟರಲ್ಲಿ ತಪ್ಪಿದರೆ ಉಳಿದದ್ದೆಲ್ಲ ಒಂದು ವರ್ಷ ಹಿಂದಕ್ಕೆ ಹೋಗಬಹುದು.

ಗೆಳತಿ ಸೈಕಾಲಜಿ ತಗೊಂಡಿದ್ದಾಳೆ. ಕೊನೆಯ ವರ್ಷದ ಪ್ರಾಜೆಕ್ಟ್ ಒಟ್ಟಿಗೆ ಮಾಡೋಣ ಅಂತ ಮಾತಾಗಿದೆ. ಮೊನ್ನೆ ಅವಳು ಬರೆದ ಪ್ರಶ್ನಾವಳಿಯ ಮೊದಲ ಸಾಲು: "ನೀವು ದಿನಾ ವ್ಯಾಯಾಮ ಮಾಡಿ ತರಕಾರಿ ತಿನ್ನುತ್ತೀರಾ? ಹೌದು/ಇಲ್ಲ." ನಡೆಯೋದುಂಟು, ತರಕಾರಿ ಮುಟ್ಟಲ್ಲ ಅನ್ನುವವರು ಎಲ್ಲಿ ಗುರುತು ಹಾಕಬೇಕು ಅಂದೆ. ಅದನ್ನು ಒಡೆದು ಎರಡು ಪ್ರಶ್ನೆ ಮಾಡಿದಳು. ಹೋಲಿಕೆಗೆ ಇನ್ನೊಂದು ಗುಂಪು ಬೇಕು ಅಂದಾಗ ಮಾತ್ರ, "ಅಷ್ಟು ಜನರನ್ನ ಎಲ್ಲಿಂದ ತರ್ತೀಯೋ ನೀನೇ ತಗೊಂಡು ಬಾ" ಅಂತ ಲ್ಯಾಪ್‌ಟಾಪ್ ಮುಚ್ಚಿಬಿಟ್ಟಳು.