ಎಳೆಯರೋ, ಅನುಭವಿಗಳೋ? ಹ್ಯಾಟ್ರಿಕ್ ಆಡುವವರೆಲ್ಲ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಹ್ಯಾಟ್ರಿಕ್‌ಗೆ ಹೊಸದಾಗಿ ಸೇರಿದವರು ಸಾಮಾನ್ಯವಾಗಿ ನನ್ನನ್ನು ಕೇಳುವ ಮೊದಲ ಪ್ರಶ್ನೆ ಇದು: ಕೈಯಲ್ಲಿರುವ ಅಲ್ಪ ಹಣದಲ್ಲಿ 17 ವರ್ಷದ ಹುಡುಗರನ್ನು ಕೊಳ್ಳಬೇಕೋ, 30 ದಾಟಿದ ಅನುಭವಿಗಳನ್ನು ಕೊಳ್ಳಬೇಕೋ? 1997ರಲ್ಲಿ ಸ್ವೀಡನ್‌ನಲ್ಲಿ ಆರಂಭವಾದ ಈ ಆನ್‌ಲೈನ್ ಫುಟ್‌ಬಾಲ್ ಆಟದಲ್ಲಿ ಚೆಂಡನ್ನು ಒದೆಯುವ ಕೆಲಸ ನಮ್ಮದಲ್ಲ; ಹರಾಜಿನಲ್ಲಿ ಆಟಗಾರರನ್ನು ಕೊಳ್ಳುವುದು, ಮಾರುವುದು, ತರಬೇತಿ ಕೊಡಿಸುವುದು, ಸಂಬಳದ ಲೆಕ್ಕ ತೂಗಿಸುವುದು, ಪಂದ್ಯಕ್ಕೆ ಹನ್ನೊಂದು ಜನರನ್ನು ಆರಿಸುವುದು ನಮ್ಮ ಪಾಲಿನ ಕೆಲಸ. ಆದ್ದರಿಂದ ವಯಸ್ಸಿನ ಪ್ರಶ್ನೆ ಇಲ್ಲಿ ಎಲ್ಲ ನಿರ್ಧಾರಗಳಿಗೂ ತಳಕು ಹಾಕಿಕೊಂಡಿದೆ.

ವಯಸ್ಸನ್ನು ನೋಡುವ ಮೊದಲು ತರಬೇತಿಯ ಜಾಗಗಳನ್ನು ಎಣಿಸಿ ಎಂಬುದು ನನ್ನ ಉತ್ತರ. ಒಂದು ತಂಡ ಒಂದು ವಾರಕ್ಕೆ ಒಂದೇ ಬಗೆಯ ತರಬೇತಿಯನ್ನು ಆರಿಸಬಹುದು. ಆ ತರಬೇತಿ ಪೂರ್ತಿಯಾಗಿ ದಕ್ಕುವುದು ಆ ವಾರ ಅದಕ್ಕೆ ಹೊಂದುವ ಸ್ಥಾನದಲ್ಲಿ ತೊಂಬತ್ತು ನಿಮಿಷ ಆಡಿದವರಿಗೆ ಮಾತ್ರ. ಪ್ಲೇಮೇಕಿಂಗ್, ಅಂದರೆ ಮೈದಾನದ ನಡುವೆ ಆಟವನ್ನು ಹಿಡಿತದಲ್ಲಿಡುವ ಕೌಶಲದ ತರಬೇತಿಯನ್ನೇ ತೆಗೆದುಕೊಳ್ಳಿ. ಒಂದು ಪಂದ್ಯದಲ್ಲಿ ಮೈದಾನದ ಮಧ್ಯಭಾಗಕ್ಕೆ ಹೆಚ್ಚೆಂದರೆ ಮೂವರು ಮಿಡ್‌ಫೀಲ್ಡರ್‌ಗಳನ್ನು ನಿಲ್ಲಿಸಬಹುದು. ವಾರಾಂತ್ಯದಲ್ಲಿ ಒಂದು ಲೀಗ್ ಪಂದ್ಯ, ವಾರದ ನಡುವೆ ಒಂದು ಕಪ್ ಅಥವಾ ಸೌಹಾರ್ದ ಪಂದ್ಯ ಎಂದರೆ ಒಟ್ಟು ಆರು ಜಾಗಗಳು. ವಿಂಗರ್‌ಗಳಿಗೆ ಅದೇ ತರಬೇತಿ ಅರ್ಧದಷ್ಟು ಸಿಗುತ್ತದೆ. ಹೀಗಿರುವಾಗ ಪ್ಲೇಮೇಕಿಂಗ್ ತರಬೇತಿ ಕೊಡುವ ತಂಡಕ್ಕೆ ಬೇಕಾದ ಎಳೆಯರು ಆರು ಜನ. ಏಳನೆಯವನು ಎಷ್ಟೇ ಪ್ರತಿಭಾವಂತನಾಗಿದ್ದರೂ ಅವನಿಗೆ ಸುರಿದ ಹಣ ಬೆಂಚಿನ ಮೇಲೆ ಕುಳಿತಿರುತ್ತದೆ.

ಇದನ್ನು ನಾನು ನಷ್ಟ ಅನುಭವಿಸಿಯೇ ಕಲಿತೆ. ನನ್ನ ಮೊದಲ ಸೀಸನ್‌ನಲ್ಲಿ ಕೈಯಲ್ಲಿದ್ದ ಹಣವನ್ನೆಲ್ಲ ಸೇರಿಸಿ ಒಬ್ಬ ಗೋಲಿ (ಗೋಲ್‌ಕೀಪರ್), ಇಬ್ಬರು ಡಿಫೆಂಡರ್‌ಗಳು, ಒಬ್ಬ ಮಿಡ್‌ಫೀಲ್ಡರ್, ಒಬ್ಬ ಫಾರ್ವರ್ಡ್ ಹೀಗೆ ಐವರು 17ರ ಹುಡುಗರನ್ನು ಕೊಂಡಿದ್ದೆ. ತಂಡ ಎಲ್ಲ ಕಡೆಯೂ ಒಟ್ಟಿಗೆ ಬೆಳೆಯಲಿ ಎಂಬುದು ನನ್ನ ಆಸೆಯಾಗಿತ್ತು. ಬೆಳೆದವನು ಮಿಡ್‌ಫೀಲ್ಡರ್ ಒಬ್ಬನೇ. ಉಳಿದ ನಾಲ್ವರು ಕೊಂಡ ದಿನದ ಮಟ್ಟದಲ್ಲೇ ಉಳಿದು, ಒಂದು ವರ್ಷ ದೊಡ್ಡವರಾದರು; ಮಾರಲು ಹೊರಟಾಗ ಕೊಂಡ ಬೆಲೆಯೂ ಹುಟ್ಟಲಿಲ್ಲ.

ಇಲ್ಲಿನ ವರ್ಷದ ಲೆಕ್ಕವನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಆಟಗಾರನ ಒಂದು ವರ್ಷವೆಂದರೆ ನಮ್ಮ 112 ದಿನ, ಅಂದರೆ 16 ವಾರಗಳ ಒಂದು ಸೀಸನ್. 17ರ ಹುಡುಗ 27 ಮುಟ್ಟುವಷ್ಟರಲ್ಲಿ ನಮಗೆ ಮೂರು ವರ್ಷಗಳ ಮೇಲೆ ಕಳೆದಿರುತ್ತದೆ. ವಯಸ್ಸು ಏರಿದಂತೆ ತರಬೇತಿಯ ವೇಗ ತಗ್ಗುವುದರಿಂದ, 17 ವರ್ಷ 5 ದಿನದವನಿಗೂ 17 ವರ್ಷ 100 ದಿನದವನಿಗೂ ಇರುವ ಅಂತರ ಹೊಸಬರು ಎಣಿಸುವುದಕ್ಕಿಂತ ದೊಡ್ಡದು. ಮೊದಲನೆಯವನ ಮುಂದೆ ಅತ್ಯಂತ ಫಲವತ್ತಾದ ಹದಿನೈದು ವಾರಗಳಿವೆ, ಎರಡನೆಯವನ ಮುಂದೆ ಎರಡು ವಾರವೂ ಇಲ್ಲ.

ಹಾಗಾದರೆ ಉಳಿದ ಜಾಗಗಳಿಗೆ ಯಾರು? ಅಲ್ಲಿ ಅನುಭವಿಗಳೇ ಬರಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ತರಬೇತಿಯೇ ಸಿಗದ ಜಾಗದಲ್ಲಿ ವಯಸ್ಸಿಗೆಂದು ಹಣ ತೆರುವುದರಲ್ಲಿ ಅರ್ಥವಿಲ್ಲ. ಒಂದೇ ಕೌಶಲಮಟ್ಟದ 22ರ ಗೋಲಿಗೂ 31ರ ಗೋಲಿಗೂ ಹರಾಜಿನಲ್ಲಿ ಅಜಗಜಾಂತರವಿರುತ್ತದೆ. ಈ ಭಾನುವಾರ ಗೋಲು ತಡೆಯುವ ವಿಷಯದಲ್ಲಿ ಮಾತ್ರ ಇಬ್ಬರೂ ಸಮಾನರು. 28 ದಾಟಿದ ಮೇಲೆ ಅದೇ ಕೌಶಲಕ್ಕೆ ಕೊಡಬೇಕಾದ ವಾರದ ಸಂಬಳವೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತದೆ. ಇದೆಲ್ಲಕ್ಕಿಂತ ಮುಖ್ಯವಾದದ್ದು ಅನುಭವ. ಅದನ್ನು ತರಬೇತಿಯಿಂದ ಗಳಿಸಲಾಗದು. ಪಂದ್ಯಗಳನ್ನು ಆಡಿ ಆಡಿಯೇ ಗಳಿಸಬೇಕು, ಸೌಹಾರ್ದ ಪಂದ್ಯಕ್ಕಿಂತ ಲೀಗ್ ಪಂದ್ಯದಲ್ಲಿ ಹೆಚ್ಚು ಗಳಿಸಬಹುದು. ಅನುಭವಿ ಫಾರ್ವರ್ಡ್ ತಾನೇ ಅವಕಾಶವನ್ನು ಹುಟ್ಟಿಸಿ ಗೋಲು ಹೊಡೆಯುವುದೂ, ಅನನುಭವಿ ಡಿಫೆಂಡರ್ ತಡವರಿಸಿ ಎದುರಾಳಿಗೆ ಚೆಂಡು ಒಪ್ಪಿಸುವುದೂ ಈ ಆಟದ ಎಂಜಿನ್‌ನಲ್ಲೇ, ಅಂದರೆ ಪಂದ್ಯವನ್ನು ನಡೆಸುವ ಪ್ರೋಗ್ರಾಂನಲ್ಲೇ ಅಡಕವಾಗಿರುವ ಘಟನೆಗಳು. ಎಂಟು ತಂಡಗಳ, ಹದಿನಾಲ್ಕು ಪಂದ್ಯಗಳ ಲೀಗಿನಲ್ಲಿ ಇಂಥ ಒಂದು ಗೋಲು ಬಡ್ತಿಯನ್ನೇ ನಿರ್ಧರಿಸಿದ್ದನ್ನು ನಾನು ಕಂಡಿದ್ದೇನೆ. ನಾಯಕನ ಅನುಭವಕ್ಕೆ ತಂಡದ ಒಟ್ಟು ಅನುಭವದಲ್ಲಿ ಹೆಚ್ಚಿನ ತೂಕವಿರುವುದರಿಂದ, ಎಳೆಯರೇ ತುಂಬಿರುವ ತಂಡಕ್ಕೂ ಒಬ್ಬ ಹಿರಿಯ ನಾಯಕನನ್ನು ತರಲೇಬೇಕು.

ಈ ಮಾತು ಬಂದಾಗ ಬೆಂಗಳೂರಿನ ಗೆಳೆಯರು ಸುನಿಲ್ ಛೇಟ್ರಿಯವರ ಉದಾಹರಣೆ ಕೊಡುತ್ತಾರೆ. 2024ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದ ಬೆಂಗಳೂರು ಎಫ್‌ಸಿಯ ಆ ಆಟಗಾರ, 2025ರ ಮಾರ್ಚ್‌ನಲ್ಲಿ ನಲವತ್ತರ ವಯಸ್ಸಿನಲ್ಲಿ ಮರಳಿ ಬಂದು ಮಾಲ್ಡೀವ್ಸ್ ವಿರುದ್ಧ ಗೋಲು ಹೊಡೆದರಲ್ಲ, ಹಾಗಾದರೆ ನಮ್ಮ ಹಿರಿಯರನ್ನು ಏಕೆ ಮಾರಬೇಕು ಎಂಬುದು ಅವರ ವಾದ. ಛೇಟ್ರಿಯವರ ಬಗ್ಗೆ ನನಗೂ ಅಷ್ಟೇ ಅಭಿಮಾನವಿದೆ. ಆದರೆ ಹ್ಯಾಟ್ರಿಕ್‌ನಲ್ಲಿ ಶಿಸ್ತಿನ ಬದುಕಿನಿಂದ ವಯಸ್ಸನ್ನು ಹಿಂದೆ ಹಾಕಲು ಸಾಧ್ಯವಿಲ್ಲ. ಮೂವತ್ತರ ಗಡಿ ದಾಟಿದ ಮೇಲೆ ಕೌಶಲ ವಾರವಾರವೂ ಕಣಕಣವಾಗಿ ಸವೆಯುತ್ತದೆ, ಸ್ಟ್ಯಾಮಿನಾ ಹಿಡಿದಿಡುವುದೂ ಕಷ್ಟವಾಗುತ್ತದೆ.

ಆದ್ದರಿಂದ ಹಿರಿಯರನ್ನು ನಾನು ಒಂದು ಅಥವಾ ಎರಡು ಸೀಸನ್‌ಗೆಂದೇ ಕೊಳ್ಳುತ್ತೇನೆ, ಅದೂ ಅವರ ವಯಸ್ಸು ಒಂದು ಏರಿದ ಮರುದಿನಗಳಲ್ಲಿ. ಏಕೆಂದರೆ 30 ಎಂಬ ಅಂಕಿ 31 ಆದೊಡನೆ ಬೆಲೆ ಕುಸಿಯುತ್ತದೆ, ಆಟ ಮಾತ್ರ ರಾತ್ರೋರಾತ್ರಿ ಬದಲಾಗುವುದಿಲ್ಲ. ಕೊಟ್ಟ ಹಣವನ್ನು ಮರಳಿ ಬಾರದ ಬಾಡಿಗೆಯೆಂದು ಅಂದೇ ಲೆಕ್ಕಕ್ಕೆ ಬರೆದುಬಿಡುತ್ತೇನೆ. ಎಳೆಯರಿಗೆ ಕೊಟ್ಟದ್ದು ಮಾತ್ರ ಬಂಡವಾಳ, ಅದನ್ನು ಮಾರುವಾಗ ಎಣಿಸುತ್ತೇನೆ. ಹೊಸ ತಂಡ ಕಟ್ಟುತ್ತಿರುವವರು ಈ ವಾರವೇ ಒಂದು ತರಬೇತಿಯನ್ನು ಆರಿಸಿ, ಅದರ ಜಾಗಗಳಷ್ಟೇ ಹುಡುಗರನ್ನು ಹುಡುಕಿ, ಮಿಕ್ಕ ಹಣದಲ್ಲಿ ಮೊದಲು ಒಬ್ಬ ಮೂವತ್ತೊಂದರ ಗೋಲಿಯನ್ನೂ ನಂತರ ಒಬ್ಬ ಹಿರಿಯ ನಾಯಕನನ್ನೂ ಕೊಳ್ಳಲಿ.